ಈಜುವ ನೀರಿಗೂ ಪರೀಕ್ಷೆ ಬೇಕು

ಬೇಸಿಗೆ ರಜೆ ಬಂತೆಂದರೆ ಸೋಲೂರು ಸುತ್ತಿನ ಹಳ್ಳಿಗಳ ಹುಡುಗರು ಕೆರೆಗೆ ಇಳಿಯುತ್ತಾರೆ. ಗದರಿದರೂ ಇಳಿಯುತ್ತಾರೆ, ಈಜು ಕಲಿಯಲು ಅವರಿಗೆ ಬೇರೆ ಜಾಗವಾದರೂ ಎಲ್ಲಿದೆ? ಮುಳುಗುವ ಅಪಾಯದ ಬಗ್ಗೆ ಊರು ಮಾತಾಡುತ್ತದೆ, ಮಾತಾಡಲೂಬೇಕು. ಆದರೆ ಮಕ್ಕಳ ಬಾಯಿಗೂ ಮೂಗಿಗೂ ಹೋಗುವ ಆ ನೀರು ಎಂಥದ್ದು ಎಂದು ಕೇಳುವವರಿಲ್ಲ.

ಅಳೆಯಲು ಮಾನದಂಡವೇನೋ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ಮೈತೊಳೆಯಲು, ಈಜಲು ‘ಬಿ’ ದರ್ಜೆಯ ನೀರು ಬೇಕು: 100 ಮಿ.ಲೀ.ನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500 ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ.ಗಿಂತ ಇಳಿಯಬಾರದು, ಕೊಳೆ ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆಯಾದ ಬಿಒಡಿ 3 ಮಿ.ಗ್ರಾಂ. ದಾಟಬಾರದು. ಬೆಂಗಳೂರಿನ ಬಹುಪಾಲು ಕೆರೆಗಳು ‘ಡಿ’, ‘ಇ’ ದರ್ಜೆಗೆ ಕುಸಿದಿವೆ ಎಂದು ನಮಗೆ ಗೊತ್ತಾದದ್ದು ರಾಜ್ಯ ಮಂಡಳಿ ಮಾದರಿ ತೆಗೆದು ನೋಡಿದ್ದರಿಂದ. ನಮ್ಮ ಹೋಬಳಿಯ ಕೆರೆಗಳತ್ತ ಆ ಮಾದರಿ ಬಾಟಲಿ ಬರುವುದು ಅಪರೂಪ.

ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಾಗಡಿ ಸೀಮೆ ದೂರ ಹೋಗಬೇಕಿಲ್ಲ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ಒಳಹರಿವು ಬತ್ತಿ, ಬಂದದ್ದೂ ಕೊಳೆತು, 2012ರ ಹೊತ್ತಿಗೆ ಆ ಸರಬರಾಜೇ ನಿಂತಿತು.

ಹಳ್ಳಿಯ ಕೆರೆ ಕೆಡುವ ಬಗೆ ಬೇರೆ. ಮೊದಲ ಮಳೆಗೆ ತಿಪ್ಪೆ, ಬಯಲು, ಚರಂಡಿ ಎಲ್ಲವೂ ಕೊಚ್ಚಿಕೊಂಡು ಕೆರೆಯಂಗಳಕ್ಕೆ ಬರುತ್ತದೆ. ಶೌಚಗುಂಡಿ ಬಳಿದ ಟ್ಯಾಂಕರ್ ರಾತ್ರೋರಾತ್ರಿ ರಾಜಕಾಲುವೆಗೆ ಸುರಿದು ಹೋದರೆ ಹೇಳುವಂತೆಯೇ ಇಲ್ಲ. ಬಿಸಿಲೇರಿದಾಗ ಹಸಿರು ಬಣ್ಣ ಕದಡಿದಂತೆ ತೇಲುವ ನೀಲಿ-ಹಸಿರು ಪಾಚಿಯಲ್ಲಿ ದನಕರುಗಳನ್ನು ಕೊಲ್ಲಬಲ್ಲ ವಿಷವೂ ಇರಬಹುದು. ನಿಂತ ಬೆಚ್ಚನೆಯ ನೀರಿನಿಂದ ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾ 2024 ಮತ್ತು 2025ರಲ್ಲಿ ಕೇರಳವನ್ನು ಹೇಗೆ ನಡುಗಿಸಿತು ಎಂಬುದು ನೆನಪಿರಬೇಕು. ಅದು ಅಪರೂಪದ ಕಾಯಿಲೆ, ನಿಜ; ಸಾಮಾನ್ಯ ಕೋಲಿಫಾರ್ಮ್ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ. ಭೇದಿ, ಕಿವಿಸೋರು, ಕಜ್ಜಿ, ಇಲಿಜ್ವರಗಳೇನೂ ಅಪರೂಪವಲ್ಲವಲ್ಲ.

‘ಮನೆ ಮನೆಗೆ ಗಂಗೆ’ ಯೋಜನೆಯಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್‌ನಿಂದ ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಕೆರೆ ನೀರಿನ ಪರೀಕ್ಷೆಯ ಕೆಲಸಕ್ಕೂ ಅವರೇ ತಕ್ಕವರು. ಆದರೆ ಒಂದು ಎಚ್ಚರಿಕೆ. ನೀರು ಕಪ್ಪಾದರೆ ಕಲ್ಮಶ ಎಂದು ತಿಳಿಸುವ ಕಿಟ್‌ನ ಬಾಟಲಿ ಕುಡಿಯುವ ನೀರಿಗಾಗಿ ಮಾಡಿದ್ದು. ದನ ಇಳಿಯುವ ಕೆರೆಯ ನೀರು ಅದರಲ್ಲಿ ಹೆಚ್ಚುಕಡಿಮೆ ಯಾವಾಗಲೂ ಕಪ್ಪಾಗುತ್ತದೆ. ಈಜಿಗೆ ಬೇಕಾದದ್ದು ಎಣಿಕೆ: 500ರ ಒಳಗೋ, 5,000ದ ಆಚೆಗೋ? ಅದಕ್ಕೆ ಶುದ್ಧೀಕರಿಸಿದ ಬಾಟಲಿಯಲ್ಲಿ ಮಾದರಿ ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಆ ಖರ್ಚನ್ನು ಗ್ರಾಮ ಪಂಚಾಯಿತಿ ಹೊರಬೇಕು. ಹೂಳೆತ್ತಲು ಹಣ ಹೊಂದಿಸುವವರಿಗೆ ಇದು ದೊಡ್ಡ ಮೊತ್ತವಲ್ಲ.

ಬಂದ ಫಲಿತಾಂಶ ಕಡತದಲ್ಲಿ ಉಳಿಯಬಾರದು. ಯುರೋಪಿನ ದೇಶಗಳಲ್ಲಿ ಈಜುವ ಕೆರೆಯ ದರ್ಜೆಯನ್ನು ದಡದಲ್ಲೇ ಬರೆದು ಹಾಕಬೇಕೆಂಬ ಕಾನೂನಿದೆ. ನಮ್ಮ ಕೆರೆ ಏರಿಯ ಮೇಲೂ ಒಂದು ಫಲಕ ಬರಲಿ: ಪರೀಕ್ಷೆಯ ದಿನಾಂಕ, ಸಿಕ್ಕ ಸಂಖ್ಯೆ, ಇಳಿಯಬಹುದೋ ಬಾರದೋ. ಮಳೆ ಸುರಿದ ಮೇಲೆ ಎರಡು ಮೂರು ದಿನ ಇಳಿಯಬೇಡಿ ಎಂಬ ಸಾಲನ್ನು ಅಲ್ಲಿ ಕಾಯಂ ಬರೆಸಬಹುದು.

ಸೋಲೂರು ಹೋಬಳಿ ಮಾಗಡಿಗೋ ನೆಲಮಂಗಲಕ್ಕೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ತಾಲ್ಲೂಕು ಯಾವುದಾದರೂ ಮಾರ್ಚ್ ಕೊನೆಯೊಳಗೆ, ಶಾಲೆಗೆ ರಜೆ ಬೀಳುವ ಮುನ್ನ, ಮೊದಲ ಬಾಟಲಿ ನೀರು ಪ್ರಯೋಗಾಲಯ ತಲುಪಿರಬೇಕು.