ಅಂಗಳದ ಕಾವಲಿಗೆ ಎರಡು ಪರದೆ

ಚಾಲಿ ಅಡಕೆ ಚೆನ್ನಾಗಿ ಒಣಗಬೇಕಾದರೆ ಸುಮಾರು 40 ದಿವಸದ ಬಿಸಿಲು ಬೇಕೆಂಬುದನ್ನು ನಮ್ಮ ಕಾಸರಗೋಡು ಸೀಮೆಯ ಕೃಷಿಕರಿಗೆ ಹೇಳಬೇಕಾದುದಿಲ್ಲ. ಅಷ್ಟು ದಿವಸವೂ ಮನೆಯ ವರ್ಷದ ಬದುಕು ಅಂಗಳದಲ್ಲಿ ಹರಡಿಕೊಂಡಿರುತ್ತದೆ. ಆದುದರಿಂದ ಈಗೀಗ ಅಂಗಳಕ್ಕೊಂದು ಕ್ಯಾಮರಾ ಕಾಣಿಸಿಕೊಳ್ಳುತ್ತಿರುವುದು ಸಹಜವೇ. ನಾವೂ ಒಮ್ಮೆ ಪೇಟೆಯಿಂದ ಸಿದ್ಧ ಪೆಟ್ಟಿಗೆಯೊಂದನ್ನು ತಂದು ಹಾಕಿಸಿದೆವು. ಅದರ ಫಲವನ್ನೂ ಉಂಡೆವು.

ಸುಲಿದ ಅಡಕೆಯ ಮೂರು ಗೋಣಿ ಲೆಕ್ಕಕ್ಕೆ ಸಿಗದ ದಿವಸ ನೋಡಿದರೆ, ಎರಡು ತಿಂಗಳಿಂದ ಪೆಟ್ಟಿಗೆಯಲ್ಲಿ ಒಂದು ಚಿತ್ರವೂ ದಾಖಲಾಗಿರಲಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಎದುರಿನ ದೀಪ ಮಾತ್ರ ಮಿಣಮಿಣನೆ ಉರಿಯುತ್ತಲೇ ಇತ್ತು! ಪರದೆಯಲ್ಲಿ ಅಂಗಳ ಕಾಣುತ್ತಿದ್ದುದರಿಂದ ಎಲ್ಲವೂ ಸರಿಯಿದೆಯೆಂದೇ ನಂಬಿದ್ದೆವು. ಸಂಶಯ ಹೋದದ್ದು 18 ವರ್ಷ ನಮ್ಮಲ್ಲಿ ಅಡಕೆ ಸುಲಿದವನ ಮೇಲೆ. ಆ ಗೋಣಿಗಳು ಹಿಂದಿನ ಲೋಡಿನಲ್ಲೇ ಹೋಗಿದ್ದುವೆಂಬ ಚೀಟಿ ಎರಡು ವಾರ ಕಳೆದು ಸಿಕ್ಕಿತು. ಆತ ಮರಳಿ ಬರಲಿಲ್ಲ. ಕರೆಯಲು ಹೋದ ನಮಗೆ ಬೆಲ್ಲ ನೀರು ಕೊಟ್ಟು ಕಳುಹಿಸಿದ.

ಅಂದಿನಿಂದ ನಮ್ಮ ಅಭಿಪ್ರಾಯ ಇದು: ದಾಖಲೆಯ ಯಂತ್ರವನ್ನು ಹಳೆಯ ಕಂಪ್ಯೂಟರಿನಿಂದ ನಾವೇ ಕಟ್ಟಿಕೊಳ್ಳಬೇಕು, ಅದಕ್ಕೆ ಎರಡು ಮಾನಿಟರು ಇರಬೇಕು. ಒಂದರಲ್ಲಿ ಈ ಕ್ಷಣದ ಅಂಗಳ, ಇನ್ನೊಂದರಲ್ಲಿ ಆಗಲೇ ದಾಖಲಾದುದು. ಎರಡನೆಯದು ದುಂದುವೆಚ್ಚವೆಂದು ಹೇಳುವವರುಂಟು. ದೀಪ ಹಚ್ಚುವ ಹೊತ್ತಿಗೆ ಆ ದಿನದ ಮಧ್ಯಾಹ್ನದ ಎರಡು ನಿಮಿಷವನ್ನು ಅದರಲ್ಲಿ ಓಡಿಸಿ ನೋಡಿದರೆ ಡಿಸ್ಕ್ ಬದುಕಿದೆಯೋ ಸತ್ತಿದೆಯೋ ತಿಳಿಯುತ್ತದೆ. ಹಿಂದಿನದನ್ನು ಹುಡುಕುವಾಗ ಇಂದಿನ ಕಾವಲೂ ತಪ್ಪುವುದಿಲ್ಲ.

ಇದಕ್ಕೆ ಕಾಲವೂ ಅನುಕೂಲವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತುದರಿಂದ ಕಚೇರಿಗಳು ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನೇ ಹೊರಗೆ ಹಾಕುತ್ತಿವೆ. ಅವುಗಳಲ್ಲಿ ಲಿನಕ್ಸ್ ಹಾಗೂ ಝೋನ್‌ಮೈಂಡರ್ ತಂತ್ರಾಂಶವನ್ನು ಕಾಸಿಲ್ಲದೆ ಹಾಕಿಕೊಳ್ಳಬಹುದು. ಹೆಚ್ಚಿನವುಗಳ ಬೆನ್ನಲ್ಲಿ ಎರಡು ಮಾನಿಟರಿಗೆ ಕಿಂಡಿ ಇದ್ದೇ ಇರುತ್ತದೆ. ಹೊಸದಾಗಿ ಕೊಳ್ಳಲೇಬೇಕಾದುದು ಹಾರ್ಡ್ ಡಿಸ್ಕ್. ಹಗಲಿರುಳು ಬರೆಯುವುದಕ್ಕೆಂದೇ ಮಾಡಿದುದು ಸಿಗುತ್ತದೆ, ಅಲ್ಲಿ ಜಿಪುಣತನ ಕೂಡದು. ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುವ ಒಂದು ಕ್ಯಾಮರಾ ದಿನಕ್ಕೆ 43 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮರಾಕ್ಕೆ 4 ಟಿಬಿ ಡಿಸ್ಕ್ ಹಾಕಿದರೆ 23 ದಿವಸದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬೀಳುತ್ತದೆ. ಅಡಕೆಗೆ 40 ದಿವಸ ಬೇಕಲ್ಲ! 8 ಟಿಬಿ ಇದ್ದರೆ 46 ದಿವಸ ಉಳಿಯುತ್ತದೆ. ಅಷ್ಟು ಶಕ್ತಿಯಿಲ್ಲದವರು ಎರಡೇ ಕ್ಯಾಮರಾ ಹಾಕಿಕೊಂಡರೆ 4 ಟಿಬಿಯೇ ಸಾಕು.

ಕರೆಂಟಿನ ಮಾತನ್ನೂ ಮುಚ್ಚಿಡುವುದಿಲ್ಲ. 60 ವಾಟಿನ ಕಂಪ್ಯೂಟರು ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಸುಡುತ್ತದೆ. ಸಿದ್ಧ ಪೆಟ್ಟಿಗೆಗೆ ಅಷ್ಟು ಬೇಡ. ರಾತ್ರಿ ಮಾನಿಟರುಗಳನ್ನು ಆರಿಸಿದರೂ ದಾಖಲೆ ನಡೆದೇ ಇರುತ್ತದೆ.

ಇದಕ್ಕಿಂತ ದೊಡ್ಡ ಶತ್ರು ನಮ್ಮ ಊರಿನ ಸಿಡಿಲು. ಅಂಗಳದ ಆಚೆ ತುದಿಯಿಂದ ಮನೆಗೆ ತಾಮ್ರದ ತಂತಿ ಎಳೆದರೆ ಅದಕ್ಕೆ ದಾರಿ ತೋರಿಸಿದಂತೆಯೇ ಸರಿ. ಲೋಹದ ಎಳೆಯಿಲ್ಲದ ಫೈಬರ್ ಕೇಬಲಿನಲ್ಲಿ ವಿದ್ಯುತ್ತು ಹರಿಯದು. ಕ್ಯಾಮರಾದೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು. ಯಂತ್ರದ ಗಡಿಯಾರವೂ ಸರಿಯಿರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಯಂತ್ರವನ್ನು ನೋಡಿಕೊಳ್ಳುವವನೂ ಅದಕ್ಕೆ ಸಹಿ ಹಾಕಬೇಕಾಗುತ್ತದೆ. ತಾನೇ ಕಟ್ಟಿದವನ ಕೈ ಅಲ್ಲಿ ನಡುಗುವುದು ಕಡಿಮೆ.

ನೆರೆಮನೆಯ ಬಾವಿಕಟ್ಟೆಯಾಗಲಿ, ಕೆಲಸದವರು ಉಣ್ಣುವ ಜಾಗವಾಗಲಿ ನಮ್ಮ ಕ್ಯಾಮರಾದಲ್ಲಿ ಕಾಣುವುದಿಲ್ಲ. ಮೊದಲ ಪರದೆಯನ್ನು ಚಾವಡಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟಿದ್ದೇವೆ. ಎರಡನೆಯದನ್ನು ಓಡಿಸುವಾಗ ಕೆಲಸದವರಲ್ಲೊಬ್ಬರು ಜೊತೆಗಿರಬೇಕೆಂದೂ ಗೊತ್ತುಮಾಡಿದ್ದೇವೆ. ಕೆಲವು ಮಿತ್ರರು ಇದನ್ನು ಅತಿಯೆನ್ನುತ್ತಾರೆ. ಈ ಸಲದ ಅಡಕೆ ಅಂಗಳಕ್ಕೆ ಬೀಳುವ ಮೊದಲು ನಾವು ಆ ಹಳೆಯವನ ಮನೆಗೆ ಇನ್ನೊಮ್ಮೆ ಹೋಗುವವರಿದ್ದೇವೆ.