ಅಪ್ಪ ಅಮ್ಮನ ಔಷಧಿ ಲೆಕ್ಕಕ್ಕಿಲ್ಲವೇ?



ಸಂಬಳ ಬಂದ ದಿನವೇ ಊರಿಗೆ ದುಡ್ಡು ಕಳಿಸುವವರು ನಮ್ಮಲ್ಲಿ ಎಷ್ಟು ಜನ! ಅಪ್ಪನ ಸಕ್ಕರೆ ಕಾಯಿಲೆ, ಅಮ್ಮನ ಬಿಪಿ ಮಾತ್ರೆ, ವರ್ಷಕ್ಕೊಮ್ಮೆ ಕಣ್ಣಿನ ಆಪರೇಷನ್ ಎಂದು ಆ ದುಡ್ಡು ಕರಗುತ್ತದೆ. ಆದರೆ ಈ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೆಂದು ನಿಮಗೆ ಹೇಳಿದವರು ಯಾರು?

ಕಾನೂನು ಹೇಳುತ್ತದೆ. ಅದರ ಪ್ರಕಾರ, 60 ದಾಟಿದ ತಂದೆ ತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ನೀವು ಕೊಟ್ಟ ಹಣದಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ನಿಮ್ಮ ಆದಾಯದಿಂದ ಕಳೆಯಬಹುದು. ವಿಮೆ ಇದ್ದರೆ ಅದರ ಪ್ರೀಮಿಯಂಗೂ ಇದೇ ಮಿತಿ. ಅವರು ನಿಮ್ಮನ್ನೇ ಅವಲಂಬಿಸಿರಬೇಕೆಂದೂ ಇಲ್ಲ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವನಿಗೆ ಇದು ಸೆಸ್ ಸೇರಿ 15,600 ರೂಪಾಯಿ ಉಳಿತಾಯ!

ಇನ್ನು ಕೊಕ್ಕೆಗಳನ್ನು ನೋಡಿ. ಒಂದು, ಔಷಧಿಯನ್ನು ನಗದಿನಲ್ಲಿ ಕೊಂಡರೆ ಲೆಕ್ಕಕ್ಕಿಲ್ಲ. ಮಗ ಕಳಿಸಿದ ದುಡ್ಡನ್ನು ಬ್ಯಾಂಕಿನಿಂದ ಬಿಡಿಸಿ ಹೋಬಳಿಯ ಮೆಡಿಕಲ್ ಶಾಪಿನಲ್ಲಿ ಎಣಿಸಿ ಕೊಡುವ ಅಪ್ಪನ ಖರ್ಚು ಖರ್ಚೇ ಅಲ್ಲವಂತೆ! ತಪಾಸಣೆಗೆ ಮಾತ್ರ 5,000ದವರೆಗೆ ನಗದು ನಡೆಯುತ್ತದೆ. ಎರಡು, ವಿಮೆ ಮಾಡಿಸಿದ ಮೇಲೆ ತಿಂಗಳ ಮಾತ್ರೆಯ ಖರ್ಚಿಗೆ ವಿನಾಯಿತಿ ಇಲ್ಲ. ಆ ಮಾತ್ರೆಗೆ ಬಹುತೇಕ ವಿಮೆಗಳೂ ಹಣ ಕೊಡುವುದಿಲ್ಲ.

ಮೂರನೆಯದೇ ದೊಡ್ಡ ಕೊಕ್ಕೆ. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲವೇ ಇಲ್ಲ. ನೀವು ಬೇಡವೆನ್ನದಿದ್ದರೆ ಆ ಪದ್ಧತಿಯೇ ಅನ್ವಯ ಎಂಬ ನಿಯಮ 2023-24ನೇ ಸಾಲಿನಿಂದ ಬಂತು. ಅದರಲ್ಲಿ ದರ ಕಡಿಮೆ, ನಿಜ. 2025-26ನೇ ಸಾಲಿಗೆ 12 ಲಕ್ಷದೊಳಗಿನ ಸಂಬಳಕ್ಕೆ ತೆರಿಗೆಯೇ ಇಲ್ಲ, ಅದೂ ನಿಜ. ಆದರೆ ಅದಕ್ಕಿಂತ ಹೆಚ್ಚು ದುಡಿಯುವ ಇಬ್ಬರನ್ನು ನೋಡಿ. ಒಬ್ಬನ ತಾಯಿ ಹಾಸಿಗೆ ಹಿಡಿದಿದ್ದಾಳೆ, ಇನ್ನೊಬ್ಬನ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟು. ಇಬ್ಬರಿಗೂ ಒಂದೇ ತೆರಿಗೆ! ಇದು ಯಾವ ನ್ಯಾಯ?

ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎಂದು 2007ರಲ್ಲಿ ಕಾಯ್ದೆ ಮಾಡಿದ್ದು ಇದೇ ಸಂಸತ್ತು. ಹೊಣೆ ಹೊರಿಸುವಾಗ ನೆನಪಾದ ಮಗ, ತೆರಿಗೆ ಕೇಳುವಾಗ ಮರೆತುಹೋಗುತ್ತಾನೆಯೇ? 2018ರಲ್ಲಿ ನಿಗದಿಯಾದ 50,000ದ ಮಿತಿ ಏರಬೇಕು. ಹಿರಿಯರ ಔಷಧಿ ಖರ್ಚಿಗೆ ಎರಡೂ ಪದ್ಧತಿಯಲ್ಲಿ ವಿನಾಯಿತಿ ಸಿಗಬೇಕು. ನಾವು ಗೆಲ್ಲಿಸಿ ದೆಹಲಿಗೆ ಕಳಿಸಿದ 28 ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ.

ಅಲ್ಲಿಯವರೆಗೆ ನಿಮ್ಮ ಕೈಲಾದುದನ್ನು ಮಾಡಿ. ಆಸ್ಪತ್ರೆಗೂ ಔಷಧಿ ಅಂಗಡಿಗೂ ನಿಮ್ಮ ಖಾತೆಯಿಂದಲೇ ಯುಪಿಐ ಅಥವಾ ಚೆಕ್ಕಿನಲ್ಲಿ ಪಾವತಿಸಿ. ವೈದ್ಯರ ಚೀಟಿ, ಬಿಲ್ಲು ಎರಡನ್ನೂ ಜೋಪಾನ ಮಾಡಿ. ಎರಡೂ ಪದ್ಧತಿಯ ಲೆಕ್ಕ ಹಾಕಿಸಿ. ಹಳೆಯದೇ ಲಾಭವೆಂದಾದರೆ ಗಡುವಿನೊಳಗೆ ಸಲ್ಲಿಸುವ ರಿಟರ್ನಿನಲ್ಲೇ ಅದನ್ನು ಆರಿಸಿಕೊಳ್ಳಿ.

ಕೇಳದವನಿಗೆ ಹಕ್ಕು ದಕ್ಕದು. ಎಚ್ಚೆತ್ತುಕೊಳ್ಳಿ, ಲೆಕ್ಕ ಕೇಳಿ!