ಬಾಕಿ ಉಳಿದ ಒಂದು ವೇಷ

ಪರೇಲಿನ ಹಳಬರಿಗೆ ಬೆಳಗಿನ ಜಾವದಲ್ಲಿ ಏಳುವುದು ಹೊಸದಲ್ಲ. ಹಿಂದೆ ಗಿರಣಿಗಳ ಭೋಂಗಾ ಎಬ್ಬಿಸುತ್ತಿತ್ತು. 1982ರ ಮುಷ್ಕರದ ನಂತರ ಅವು ಒಂದೊಂದಾಗಿ ಬಾಯಿ ಮುಚ್ಚಿದವು. ಈಗ ವರ್ಷಕ್ಕೊಮ್ಮೆ, ಜನವರಿಯ ಮೂರನೆಯ ಭಾನುವಾರ, ಚಾಳಿನ ಮೆಟ್ಟಿಲ ಮೇಲೆ ಬೂಟುಗಳ ಸದ್ದು ಎಬ್ಬಿಸುತ್ತದೆ. ಅಂದು ಮುಂಬಯಿ ಮ್ಯಾರಥಾನ್.

2004ರಲ್ಲಿ ಮೊದಲಾದ ಈ ಓಟವನ್ನು ನಾನು ಟಿವಿಯಲ್ಲೇ ನೋಡಿಕೊಂಡು ಬಂದವ. 42 ಕಿಲೋಮೀಟರು 195 ಮೀಟರು ಓಡುವವರ ಬಗ್ಗೆ ಗೌರವವಿದೆ. 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ ಅಷ್ಟು ದೂರವನ್ನು 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದಾಗ ಕುಳಿತಲ್ಲೇ ಚಪ್ಪಾಳೆ ತಟ್ಟಿದ್ದೆ. ಆದರೆ ಅದೇ ದಿನ ನಡೆಯುವ ‘ಡ್ರೀಮ್ ರನ್’ ಎಂದರೆ ನನಗೆ ತಾತ್ಸಾರ. ಸುಮಾರು ಆರು ಕಿಲೋಮೀಟರು, ಗಡಿಯಾರದ ಹಂಗಿಲ್ಲ, ಬಣ್ಣ ಬಳಿದುಕೊಂಡು ಹಾಡುತ್ತ ಕುಣಿಯುತ್ತ ಹೋಗುವುದು. ಇದೂ ಒಂದು ಓಟವೇ ಎಂದು ಮೂಗು ಮುರಿಯುತ್ತಿದ್ದೆ.

ಈ ಬಾರಿ ಓಟಕ್ಕೆ ಮೊದಲು ನಮ್ಮ ಮಹಡಿಯ ಹುಡುಗನೊಬ್ಬ ಬಂದ. “ಮಾಮಾ, ನಾನು ಹುಲಿವೇಷ ಹಾಕಿ ಓಡುತ್ತೇನೆ. ಟಾಟಾ ಆಸ್ಪತ್ರೆಗೆ ಊರುಗಳಿಂದ ಬರುವವರ ವಸತಿಗೆ ದುಡ್ಡು ಕೂಡಿಸುತ್ತಿದ್ದೇವೆ. ನಿಮ್ಮದೆಷ್ಟು ಬರೆದುಕೊಳ್ಳಲಿ?”

“ರೋಗಿಗೆ ಕೊಡುವುದಾದರೆ ಕೈಯಲ್ಲೇ ಕೊಡು. ಅದಕ್ಕೆ ವೇಷ ಯಾಕೆ?” ಎಂದು ಸಾಗಹಾಕಿದೆ. ಹುಡುಗ ನಕ್ಕು ಹೊರಟ. ಆಡಿದ ಮಾತು ಮಾತ್ರ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತು.

ಯಾಕೆಂದರೆ ನಾನೂ ಒಂದು ಕಾಲದಲ್ಲಿ ಹುಲಿ. ಉಡುಪಿಯ ಕಡೆಯ ನಮ್ಮೂರಲ್ಲಿ ತಮ್ಮನಿಗೆ ವಿಷಮಶೀತ ಜ್ವರ ಬಂದಾಗ, ಗುಣವಾದರೆ ದೊಡ್ಡ ಮಗನಿಂದ ಮೂರು ಅಷ್ಟಮಿ ಹುಲಿವೇಷ ಹಾಕಿಸುವುದಾಗಿ ಅಮ್ಮ ಹರಕೆ ಹೊತ್ತಳು. ತಮ್ಮ ಎದ್ದು ಕುಳಿತ. ಎರಡು ವರ್ಷ ನಾನು ಮೈಗೆಲ್ಲ ಹಳದಿ ಬಣ್ಣ, ಮೇಲೆ ಕಪ್ಪು ಪಟ್ಟೆ ಬರೆಸಿಕೊಂಡು ತಾಸೆಯ ಪೆಟ್ಟಿಗೆ ಮನೆಮನೆಯಂಗಳದಲ್ಲಿ ಕುಣಿದೆ. ಮೂರನೆಯ ವರ್ಷ ಮುಂಬಯಿಯ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದೆ, ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಅಷ್ಟಮಿಗೆ ರಜೆ ಕೇಳುವ ಧೈರ್ಯವಾಗಲಿಲ್ಲ. “ಒಂದು ವೇಷ ಬಾಕಿ ಉಂಟು” ಎಂದು ಅಮ್ಮ ಕಡೆಯವರೆಗೂ ಹೇಳುತ್ತಿದ್ದಳು.

ಆ ಭಾನುವಾರ ಪರೇಲಿನಿಂದ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋದೆ. ನಿಲ್ದಾಣದ ಎದುರಿನ ರಸ್ತೆಯಲ್ಲಿ ಜನವೋ ಜನ. ಗಾಂಧೀಜಿ ಕೋಲೂರಿ ನಡೆದರು. ಭಾರತಮಾತೆ ಜರಿ ಸೀರೆಯ ನೆರಿಗೆ ಎತ್ತಿಕೊಂಡು ಓಡಿದಳು. ಮರವೊಂದು ತನ್ನ ಕೊಂಬೆ ಸರಿಪಡಿಸಿಕೊಳ್ಳುತ್ತ ನೀರು ಕುಡಿಯಿತು. ಹೆಣ್ಣುಮಕ್ಕಳನ್ನು ಓದಿಸಿ, ನೇತ್ರದಾನ ಮಾಡಿ ಎಂಬ ಫಲಕಗಳು. ಗಾಲಿಕುರ್ಚಿಯಲ್ಲಿ ಬಂದವರಿಗೆ ದಾರಿಯ ಎರಡೂ ಬದಿಯಿಂದ ಚಪ್ಪಾಳೆ. ಅವುಗಳ ನಡುವೆ ನಮ್ಮ ಹುಲಿ! ಬೆವರಿಗೆ ಪಟ್ಟೆ ಕರಗಿ ಇಳಿಯುತ್ತಿತ್ತು. ನನ್ನನ್ನು ಕಂಡು ಎರಡು ಹೆಜ್ಜೆ ಹಾಕಿದ. ಹೆಜ್ಜೆ ತಪ್ಪಾಗಿತ್ತು. ಆದರೂ ನನ್ನ ಕಾಲು ನಿಂತಲ್ಲೇ ತಾಳ ಹಾಕಿತು.

ಅದೇ ನಗರ ಮರುದಿನವೂ ಇರುತ್ತದಲ್ಲ. ಟಾಟಾ ಆಸ್ಪತ್ರೆಯ ಬಳಿ ಫುಟ್‌ಪಾತಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಮಲಗುವ ರೋಗಿಗಳನ್ನೂ ಅವರ ಮನೆಯವರನ್ನೂ ಪರೇಲಿನ ನಾವು ದಿನಾ ದಾಟಿ ಹೋಗುತ್ತೇವೆ. ಕೈಯಲ್ಲೇ ಕೊಡು ಎಂದ ನಾನು ಎಷ್ಟು ಸಲ ಕೊಟ್ಟಿದ್ದೇನೆ? ಊರಲ್ಲಿ ಕಟಪಾಡಿಯ ರವಿ ಎಂಬ ಕೂಲಿ ಕಾರ್ಮಿಕರು ಅಷ್ಟಮಿಗೆ ವಿಚಿತ್ರ ವೇಷ ತೊಟ್ಟು, ಬಂದ ಹಣವನ್ನೆಲ್ಲ ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದಿದ್ದಾರೆ. ಸುಮ್ಮನೆ ಕೈಯೊಡ್ಡಲು ನಾಚುವವನಿಗೆ ವೇಷ ಧೈರ್ಯ ಕೊಡುತ್ತದೆ. ಸುಮ್ಮನೆ ದಾಟಿ ಹೋಗುವವನನ್ನು ಅದು ನಿಲ್ಲಿಸುತ್ತದೆ.

ಸಂಜೆ ಹುಡುಗನ ಮನೆಯ ಬಾಗಿಲು ತಟ್ಟಿದೆ. ಕಿವಿಯ ಹಿಂದೆ ಇನ್ನೂ ಹಳದಿ ಉಳಿದಿತ್ತು. ಲಕೋಟೆ ಕೈಗಿತ್ತೆ. “ಯಾರ ಹೆಸರಲ್ಲಿ ಬರೆಯಲಿ ಮಾಮಾ?” ಎಂದ. ಅಮ್ಮನ ಹೆಸರು ಹೇಳಿದೆ.

ಹರಕೆ ತೀರಿತೇ? ಹೇಳಲಾರೆ. ಬರುವ ವರ್ಷ ಅವನಿಗೆ ಸರಿಯಾದ ಹೆಜ್ಜೆ ಕಲಿಸಬೇಕೆಂದಿದ್ದೇನೆ.